ಅಮಾವಾಸ್ಯೆ ದಿನ ಕ್ಯಾಮೆರಾ ತಗೊಂಡು ಹೋಗಬೇಕಾ, ಬೇಡವಾ?

ಅಡಿಕೆ ಸೀಮೆ (ಚನ್ನಗಿರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರಸೊತ್ತು ಇದ್ದಾಗ ಓದಿ.

ನಾನು ದಾವಣಗೆರೆಯಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆ ವರ್ಷ. ಪ್ರಾಜೆಕ್ಟ್ ಅಂದ್ರೆ ಎಲ್ಲರೂ ಪ್ರಶ್ನೆಗಳ ಹಾಳೆ ಹಿಡ್ಕೊಂಡು ಊರೂರು ತಿರುಗಿ "ಹೌದು, ಇಲ್ಲ, ಗೊತ್ತಿಲ್ಲ" ಅಂತ ಟಿಕ್ ಹಾಕಿಸಿಕೊಂಡು ಬರುತ್ತಾರೆ. ನನಗೆ ಅದು ಬೇಡ ಅನ್ನಿಸಿದೆ. ಒಂದು ಸಾಕ್ಷ್ಯಚಿತ್ರ ಮಾಡುವ ಆಸೆ. ನಮ್ಮ ಕಡೆ ಜನ ಮನಸ್ಸಿನ ಕಾಯಿಲೆಗೆ ಏನು ಹೆಸರಿಡುತ್ತಾರೆ, ಎಲ್ಲೆಲ್ಲಿ ಹೋಗುತ್ತಾರೆ, ಮನೆಯಲ್ಲಿ ಏನಾಗುತ್ತದೆ, ಇಷ್ಟು ವಿಷಯ.

ಇದು ಬರೀ ಪ್ರಾಜೆಕ್ಟ್ ಅಲ್ಲ, ಮನೆ ಕತೆಯೂ ಹೌದು. ನಮ್ಮ ಚಿಕ್ಕಪ್ಪನಿಗೆ 23 ವರ್ಷ ಇದ್ದಾಗ ಶುರುವಾಯಿತು. ರಾತ್ರಿ ಎದ್ದು ತೋಟದಲ್ಲಿ ಹೋಗಿ ನಿಲ್ಲುವುದು, ಯಾರೋ ಕರೆದ ಹಾಗೆ "ಬಂದೆ, ಬಂದೆ" ಅನ್ನುವುದು, ಸ್ನಾನ ಇಲ್ಲ, ಊಟ ಇಲ್ಲ. ಅಜ್ಜಿ ಗಾಳಿ ಸೋಕಿದೆ ಅಂದರು. ದೊಡ್ಡಪ್ಪ, ಆಸ್ತಿ ವಿಷಯಕ್ಕೆ ದಾಯಾದಿಗಳು ಮಾಡಿಸಿದ್ದಾರೆ ಅಂದರು. ಡಾಕ್ಟರ್ ಸ್ಕಿಜೋಫ್ರೇನಿಯಾ ಅಂದರು. ಈಗ ಚಿಕ್ಕಪ್ಪ ದಿನಾ ಮಾತ್ರೆ ನುಂಗುತ್ತಾರೆ, ಅಮಾವಾಸ್ಯೆಗೆ ಉಕ್ಕಡಗಾತ್ರಿಗೂ ಹೋಗಿ ಬರುತ್ತಾರೆ. ಹೊರಗಿನವರಿಗೆ ಗೊತ್ತಿಲ್ಲದಿದ್ದರೆ: ಹರಿಹರ ತಾಲ್ಲೂಕು, ತುಂಗಭದ್ರೆ ದಂಡೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಗಾಳಿ, ಮಾಟ, ದೆವ್ವ ಅಂತ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ವಾಸಿ ಆಗಿದ್ದು ಮಾತ್ರೆಯಿಂದಲೋ ಅಜ್ಜಯ್ಯನಿಂದಲೋ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಹಬ್ಬಕ್ಕೊಂದು ಜಗಳ.

ಯೋಚನೆ ಎಲ್ಲಿಂದ ಬಂತು ಅಂದ್ರೆ, ರಾಬರ್ಟ್ ಲೆಮೆಲ್ಸನ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ ಇಂಡೊನೇಷ್ಯಾದಲ್ಲಿ ಮಾಡಿದ ಆರು ಸಾಕ್ಷ್ಯಚಿತ್ರಗಳ ಸರಣಿ ನೋಡಿದೆ. 1997ರಿಂದ ಅದೇ ಜನರ ಮನೆಗೆ ಮತ್ತೆ ಮತ್ತೆ ಹೋಗಿ ವರ್ಷಗಟ್ಟಲೆ ತೆಗೆದದ್ದು. ಅದರಲ್ಲಿ ಎರಡನ್ನು ಒಟ್ಟಿಗೆ ನೋಡಬೇಕು. ಎರಡರಲ್ಲೂ ಬಾಲಿ ದ್ವೀಪ, ಎರಡರಲ್ಲೂ ಟುರೆಟ್ ಅನ್ನುವ ಒಂದೇ ಕಾಯಿಲೆ. ಕತ್ತು, ಕೈ ತಾನಾಗಿ ಎಗರುತ್ತದೆ, ಬಾಯಿಂದ ಶಬ್ದ ಬರುತ್ತದೆ, ಹಿಡಿದಿಡೋಕೆ ಆಗಲ್ಲ. ಒಂದರಲ್ಲಿ ಹುಡುಗಿ. ಮನೆಯವರಿಗೇ ಅವಳನ್ನು ಕಂಡರೆ ನಾಚಿಕೆ. ಮಂತ್ರದವರ ಹತ್ತಿರ ಸುತ್ತಿಸುತ್ತಾರೆ, ಡಾಕ್ಟರ ಮಾತ್ರೆಯೂ ಆಗುತ್ತದೆ. ನೋಡ್ತಾ ನೋಡ್ತಾ ಗೊತ್ತಾಗುತ್ತದೆ, ಕತ್ತು ಎಗರುವುದಕ್ಕಿಂತ ಜನ ನೋಡುವ ನೋಟವೇ ಅವಳಿಗೆ ಜಾಸ್ತಿ ಸಂಕಟ. ಕೊನೆಗೆ ಊರು ಬಿಟ್ಟು ಪಟ್ಟಣಕ್ಕೆ ಹೋಗುತ್ತಾಳೆ. ಇನ್ನೊಂದರಲ್ಲಿ ಪುಟ್ಟ ಹುಡುಗ. ಅವನಿಗೆ ಗಾಳಿಪಟ ಅಂದ್ರೆ ಹುಚ್ಚು, ಹಬ್ಬದಲ್ಲಿ ಬರುವ ರಾಕ್ಷಸನ ಬೊಂಬೆ ಅಂದ್ರೆ ಇನ್ನೂ ಹುಚ್ಚು. ಅಪ್ಪ ಅಮ್ಮ ಹೊಂದಿಕೊಳ್ಳುತ್ತಾರೆ. ಅವನು ಬೆಳೆದು ದೊಡ್ಡವನಾಗುವುದನ್ನು ಕ್ಯಾಮೆರಾದಲ್ಲೇ ನೋಡುತ್ತೇವೆ. ಕಾಯಿಲೆ ಒಂದೇ, ಬಾಳು ಎರಡು ಥರ. ಪಠ್ಯಪುಸ್ತಕದಲ್ಲಿ ಟುರೆಟ್ ಅಂದ್ರೆ ಅರ್ಧ ಪುಟ ಅಷ್ಟೇ.

ಪ್ರಶ್ನೆ: ಅಮಾವಾಸ್ಯೆ ದಿನ ಉಕ್ಕಡಗಾತ್ರಿಗೆ ಕ್ಯಾಮೆರಾ ತಗೊಂಡು ಹೋಗುವುದು ಸರಿಯಾ?

ಮಂಡಕ್ಕಿ ಭಟ್ಟಿ (ದಾವಣಗೆರೆ)

ತಮ್ಮಾ, ಬೇಜಾರು ಮಾಡ್ಕೋಬೇಡ. ನೀನು ಹೋಗಿ ತೆಗೆಯುವುದಕ್ಕೂ "ದೆವ್ವ ಬಿಡಿಸುವ ಲೈವ್ ದೃಶ್ಯ" ಅಂತ ಯೂಟ್ಯೂಬಲ್ಲಿ ಹಾಕುವವರಿಗೂ ಏನು ವ್ಯತ್ಯಾಸ? ಒಂದು ಜಾತ್ರೆಯಲ್ಲಿ ನೋಡಿದೆ, ತಲೆ ಬಿಚ್ಚಿಕೊಂಡು ಆಡುತ್ತಿದ್ದ ಹೆಣ್ಣುಮಗಳ ಸುತ್ತ ಎಂಟು ಮೊಬೈಲು. ಅವಳ ಗಂಡ ಸೆರಗು ಸರಿ ಮಾಡ್ತಾನೇ ಇದ್ದ ಪಾಪ. ಒಬ್ಬನಂತೂ "ಸ್ವಲ್ಪ ಸರೀರಿ, ಫ್ರೇಮಿಗೆ ಬರ್ತಿಲ್ಲ" ಅಂದ ಗಂಡನಿಗೆ. ನಿಂದು ಎಂ.ಎಸ್.ಡಬ್ಲ್ಯೂ. ಮೊಬೈಲು, ಅವನದು ಬರೀ ಮೊಬೈಲು. ಅಷ್ಟೇನಾ?

ಅಡಿಕೆ ಸೀಮೆ

ಅಣ್ಣ, ಪೆಟ್ಟು ಸರಿಯಾಗಿ ಬಿತ್ತು. ವ್ಯತ್ಯಾಸ ಇದೆ ಅಂತಲೇ ನನ್ನ ನಂಬಿಕೆ. ಅವನು ಎರಡು ನಿಮಿಷ ತೆಗೆದು ಹೋಗುತ್ತಾನೆ, ಮಾರನೇ ದಿನ ಆ ಹೆಣ್ಣುಮಗಳು ಮನೆಯಲ್ಲಿ ರೊಟ್ಟಿ ತಟ್ಟುವಾಗ ಅವನು ಇರುವುದಿಲ್ಲ. ಆದರೆ ನನಗೆ ಇರುವುದೂ ಐದೇ ತಿಂಗಳು, ಅದು ನಿಜ.

ನಿವೃತ್ತ ಮೇಷ್ಟ್ರು (ಚಿತ್ರದುರ್ಗ)

ಹುಡುಗನ ಪ್ರಶ್ನೆ ಚೆನ್ನಾಗಿದೆ. ನಾನು ಸಮಾಜಶಾಸ್ತ್ರ ಪಾಠ ಮಾಡಿದವನು, ಸ್ವಲ್ಪ ಹಳೇ ಕತೆ ಹೇಳುತ್ತೇನೆ, ಬೋರ್ ಆದರೆ ದಾಟಿಕೊಂಡು ಹೋಗಿ.

ಬಾಲಿಗೂ ಕ್ಯಾಮೆರಾಕ್ಕೂ ಹುಚ್ಚಿಗೂ ನಂಟು ಹಳೆಯದು. 1936ರಲ್ಲಿ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್ಸನ್ ಅಂತ ಗಂಡ ಹೆಂಡತಿ, ಇಬ್ಬರೂ ಮಾನವಶಾಸ್ತ್ರಜ್ಞರು, ಅಲ್ಲಿಗೆ ಹೋದರು. ಅವರಿಗೆ ಬಂದ ದುಡ್ಡಿನಲ್ಲಿ ಒಂದು ಪಾಲು ಸ್ಕಿಜೋಫ್ರೇನಿಯಾ ಬಗ್ಗೆ ಸಂಶೋಧನೆ ನಡೆಸುವ ಸಮಿತಿಯದು. ಆ ಕಾಯಿಲೆಗೆ ಆಗ ಬೇರೆ ಹೆಸರೂ ಇತ್ತು. ಮೈಮೇಲೆ ದೇವರು ಬರುವ ಜನರನ್ನು ನೋಡಿದರೆ ಕಾಯಿಲೆಯ ಬೇರು ಸಿಗಬಹುದು ಅನ್ನುವ ಆಸೆ. ಸುಮಾರು 25,000 ಫೋಟೊ ತೆಗೆದರು, ಸಿನಿಮಾ ರೀಲು 22,000 ಅಡಿ. ಅದರಲ್ಲಿ ಕಠಾರಿ ಹಿಡಿದು ಎದೆಗೆ ಚುಚ್ಚಿಕೊಳ್ಳುವ ಹಾಗೆ ಮಾಡುವ ಕುಣಿತದ ಚಿತ್ರ ಬಹಳ ಪ್ರಸಿದ್ಧ. ಈಗಲೂ ತರಗತಿಗಳಲ್ಲಿ ತೋರಿಸುತ್ತಾರೆ.

ಆದರೆ ಕೇಳಿ. ಆ ಕುಣಿತ ನಡೆಯುವುದು ರಾತ್ರಿ. ಕ್ಯಾಮೆರಾಕ್ಕೆ ಬೆಳಕು ಬೇಕಲ್ಲ, ಅದಕ್ಕೆ ದುಡ್ಡು ಕೊಟ್ಟು ಹಗಲು ಮಾಡಿಸಿದರು. ಸಾಮಾನ್ಯವಾಗಿ ಕುಣಿಯುವ ವಯಸ್ಸಾದ ಹೆಂಗಸರ ಬದಲು, ಅವತ್ತು ಊರವರೇ ಚೆಂದದ ಎಳೆ ಹುಡುಗಿಯರನ್ನು ಮುಂದೆ ಬಿಟ್ಟರು. ಫೋಟೊಕ್ಕೆ ಅಲ್ವಾ! ಇದರಿಂದ ಚಿತ್ರ ಸುಳ್ಳಾಯಿತು ಅಂತ ನಾನು ಹೇಳುವುದಿಲ್ಲ. ಕ್ಯಾಮೆರಾ ಬಂದ ಕೂಡಲೇ ಊರು ತಲೆ ಬಾಚಿಕೊಳ್ಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ನೀನು ಅಮಾವಾಸ್ಯೆ ದಿನ ಹೋದರೂ ಇದೇ ಆಗುವುದು.

ಇನ್ನೊಬ್ಬ ಜ್ಯಾಂ ರೂಶ್, ಸಾಕ್ಷ್ಯಚಿತ್ರ ಮಾಡುತ್ತಿದ್ದ ಫ್ರೆಂಚರವನು. ಈಗಿನ ಘಾನಾದಲ್ಲಿ, ಅಂದ್ರೆ ಬ್ರಿಟಿಷರ ಆಳ್ವಿಕೆ ಇದ್ದಾಗ, ಕೂಲಿ ಮಾಡಲು ಬಂದ ನೈಜರ್ ಜನರ ಮೈಮೇಲೆ ದೇವರು ಬರುವುದನ್ನು ತೆಗೆದ. ಚಿತ್ರ ಬಂದದ್ದು 1955ರಲ್ಲಿ. ಆ ದೇವರುಗಳು ಯಾರು ಗೊತ್ತಾ? ಗವರ್ನರ್, ಡಾಕ್ಟರ್, ರೈಲು ಓಡಿಸುವವನು! ಬಾಯಲ್ಲಿ ನೊರೆ, ಕಣ್ಣು ಮೇಲಕ್ಕೆ. ಬ್ರಿಟಿಷರು ನಿಷೇಧ ಮಾಡಿದರು. ಆಫ್ರಿಕದ ಕೆಲವು ಓದಿದವರೂ ಸಿಟ್ಟಾದರು, ನಮ್ಮನ್ನು ಕಾಡುಜನರ ಹಾಗೆ ತೋರಿಸಿದ್ದೀಯ ಅಂತ. ರೂಶ್ ಕೊನೆಯಲ್ಲಿ ಹೇಳುತ್ತಾನೆ, ಮಾರನೇ ದಿನ ಇದೇ ಜನ ನಗುನಗುತ್ತಾ ಕೆಲಸ ಮಾಡುತ್ತಿದ್ದರು, ಹುಚ್ಚಾಗದಿರಲು ಇದೇ ಅವರ ಔಷಧಿ ಇರಬಹುದು ಅಂತ. ನನಗೆ ಆ ಮಾತು ಸ್ವಲ್ಪ ಅವಸರದ್ದು ಅನ್ನಿಸುತ್ತದೆ. ಒಂದು ದಿನ ತೆಗೆದು ಅಷ್ಟು ದೊಡ್ಡ ಮಾತು ಆಡಬಾರದು.

ನೇರನುಡಿ

ಎಲ್ಲಾ ಸರಿ ಮೇಷ್ಟ್ರೇ. ಆದರೆ "ಅವರ ಸಂಸ್ಕೃತಿ, ಅವರ ನಂಬಿಕೆ" ಅಂತ ಮುದ್ದು ಮಾಡಿಕೊಂಡು ಕೂತರೆ ಏನಾಗುತ್ತದೆ ನೋಡಿದ್ದೇವೆ. ತಮಿಳುನಾಡಿನ ಏರ್ವಾಡಿ, ಆಗಸ್ಟ್ 6, 2001. ದರ್ಗಾಕ್ಕೆ ವಾಸಿಯಾಗಲಿ ಅಂತ ಕರೆತಂದವರನ್ನು ಒಂದು ಖಾಸಗಿ ಆಶ್ರಯದಲ್ಲಿ ಸರಪಳಿ ಹಾಕಿ ಇಟ್ಟಿದ್ದರು. ಬೆಂಕಿ ಬಿತ್ತು. 28 ಜನ ಸುಟ್ಟು ಸತ್ತರು, ಬಿಡಿಸಿಕೊಳ್ಳೋಕೆ ಆಗಲಿಲ್ಲ. ಇದನ್ನು ಯಾವ ಸಂಸ್ಕೃತಿಯ ಲೆನ್ಸಲ್ಲಿ ನೋಡಬೇಕು ಹೇಳಿ. ಮಿದುಳಿನ ಕಾಯಿಲೆ, ಮಾತ್ರೆ ಕೊಡಿ, ಮುಗೀತು. ಸಿನಿಮಾ ಯಾಕೆ?

ತಾಲ್ಲೂಕು ಸಿಸ್ಟರ್ (ಜಗಳೂರು ಕಡೆ)

ನೇರನುಡಿಯವರೇ, "ಮಾತ್ರೆ ಕೊಡಿ, ಮುಗೀತು" ಅಂತ ಹೇಳುವವರು ಒಂದು ದಿನ ನಮ್ಮ ಜೊತೆ ಬಂದು ಕೂತುಕೊಳ್ಳಿ. ಮಾತ್ರೆ ಕೊಡುವುದು ಎರಡು ನಿಮಿಷ. ನುಂಗಿಸುವುದು ಎರಡು ವರ್ಷ.

ಆಗ ನಮ್ಮ ಪಕ್ಕದ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲೇ 1985ರಲ್ಲಿ ಶುರುವಾದದ್ದು, ದೊಡ್ಡ ಆಸ್ಪತ್ರೆಗೆ ಕಳಿಸದೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧಿ ಕೊಡುವ ಪ್ರಯೋಗ. ನಿಮ್ಹಾನ್ಸ್‌ನವರು ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಬೇರೆ ರಾಜ್ಯಗಳಿಗೂ ಹೋಯಿತು. ಈಗ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮದಲ್ಲಿ. ಔಷಧಿ ಇದೆ, ಡಾಕ್ಟರ್ ಇದ್ದಾರೆ. ಆದರೂ ಜನ ಯಾಕೆ ತಡ ಮಾಡಿ ಬರುತ್ತಾರೆ, ಮೂರನೇ ತಿಂಗಳು ಯಾಕೆ ಬಿಡುತ್ತಾರೆ? ನಮ್ಮ ರಿಜಿಸ್ಟರ್‌ನಲ್ಲಿ "ಬಂದಿಲ್ಲ" ಅಂತ ಬರೆಯಲು ಜಾಗ ಇದೆ, "ಯಾಕೆ" ಅಂತ ಬರೆಯಲು ಜಾಗ ಇಲ್ಲ. ಮನೆಗೆ ಹೋದರೆ ಗೊತ್ತಾಗುತ್ತದೆ. ಮಗಳ ಮದುವೆ ಮಾತುಕತೆ ನಡೀತಿದೆ, ಗಂಡಿನ ಕಡೆಯವರು ಬಂದಾಗ ಕಪಾಟಿನಲ್ಲಿ ಮಾತ್ರೆ ಚೀಟಿ ಕಾಣಬಾರದು. ಅಷ್ಟೇ ಕಾರಣ. ಇಂಥದ್ದನ್ನು ಹಿಡಿಯೋಕೆ ಮನೆಯೊಳಗೆ ಕೂತಿರುವ ಕ್ಯಾಮೆರಾ ಬೇಕು ಅಂತ ನನಗೂ ಅನ್ನಿಸುತ್ತದೆ.

ಆ ಹುಡುಗನಿಗೆ ಒಂದು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಅದರ ಪ್ರಕಾರ ಸರಪಳಿ ಹಾಕುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ವಿವರ ಯಾವುದನ್ನೂ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಗಮನಿಸಪ್ಪ, "ಅವರ" ಒಪ್ಪಿಗೆ. ಅಣ್ಣ ಸಹಿ ಮಾಡಿದ, ಮಾವ ಹೂಂ ಅಂದ, ಇದೆಲ್ಲ ನಡೆಯಲ್ಲ. ಹುಷಾರಿಲ್ಲದಾಗ ತೆಗೆದದ್ದಕ್ಕೆ ಹುಷಾರಾದ ಮೇಲೆ ಮತ್ತೆ ಕೇಳಬೇಕು ಅಂತ ನಾನು ಹೇಳುವುದು. ಅದು ಕಾಯ್ದೆ ಅಲ್ಲ, ಮರ್ಯಾದೆ.

ಬಸ್ ಸ್ಟ್ಯಾಂಡ್ ಬಾಬು

ಉಕ್ಕಡಗಾತ್ರಿಗೆ ದಾವಣಗೆರೆಯಿಂದ ಬೆಳಿಗ್ಗೆ ಮೊದಲ ಬಸ್ ಎಷ್ಟೊತ್ತಿಗೆ, ಯಾರಿಗಾದರೂ ಗೊತ್ತಾ? ನಮ್ಮತ್ತೆ ಕೇಳ್ತಿದ್ದಾರೆ.

ಮಂಡಕ್ಕಿ ಭಟ್ಟಿ

ಬಾಬು, ಇಲ್ಲಿ ಬೇರೆ ಮಾತು ನಡೀತಿದೆ ಕಣಪ್ಪ. ಬಸ್ ಸ್ಟ್ಯಾಂಡ್ ಬಾಬು ಅಂತ ಹೆಸರಿಟ್ಟುಕೊಂಡು ನೀನೇ ಕೇಳ್ತೀಯಲ್ಲ!

ಅಡಿಕೆ ಸೀಮೆ

ಸಿಸ್ಟರ್, ತುಂಬಾ ಥ್ಯಾಂಕ್ಸ್. ಮದುವೆ ಮಾತುಕತೆ ವಿಷಯ ಓದಿ ಮೈ ಜುಂ ಅಂತು, ನಮ್ಮ ಮನೆಯಲ್ಲೂ ಅಕ್ಕನ ಮದುವೆಗೆ ಚಿಕ್ಕಪ್ಪನನ್ನು ಎರಡು ದಿನ ತೋಟದ ಮನೆಯಲ್ಲಿ ಬಿಟ್ಟಿದ್ದರು.

ನೇರನುಡಿಯವರಿಗೆ: ಆ ಆರರಲ್ಲೇ ಇನ್ನೊಂದು ಚಿತ್ರ ಇದೆ. ಬಾಲಿಯ ವಯಸ್ಸಾದ ರೈತ. ಅವನಿಗೆ ನೆರಳಿನಂಥ ಜನ ಕಾಣುತ್ತಾರೆ, ಮೈಯೊಳಗೆ ಬರುತ್ತಾರೆ. ನಿಮ್ಮ ಲೆಕ್ಕದಲ್ಲಿ ಭ್ರಮೆ, ಮಾತ್ರೆ, ಮುಗೀತು. ಆದರೆ ಅವನ ಊರಲ್ಲಿ ಆ ನೆರಳಿನ ಜನ ಇದ್ದಾರೆ ಅಂತ ಎಲ್ಲರೂ ನಂಬುತ್ತಾರೆ, ಎಲ್ಲರೇನೂ ಅವನ ಹಾಗೆ ನರಳುವುದಿಲ್ಲ. ಕ್ಯಾಮೆರಾ ಅಲ್ಲೇ ಕೂತಿರುತ್ತದೆ, ಅವನು ನಿಧಾನವಾಗಿ ಹಿಂದಿನದು ಹೇಳುತ್ತಾನೆ. 1965ರಲ್ಲಿ ಇಂಡೊನೇಷ್ಯಾದಲ್ಲಿ ಕಮ್ಯುನಿಸ್ಟರು ಅಂತ ಲಕ್ಷಗಟ್ಟಲೆ ಜನರನ್ನು ಕೊಂದರಲ್ಲ, ಆ ಹತ್ಯೆಗಳನ್ನು ಅವನು ಕಣ್ಣಾರೆ ಕಂಡವನು. ದಶಕಗಟ್ಟಲೆ ಆ ಮಾತು ಎತ್ತುವ ಹಾಗಿರಲಿಲ್ಲ. ದೆವ್ವದ ಮಾತು ಆಡಬಹುದಿತ್ತು, ಕೊಲೆಯ ಮಾತು ಆಡುವಂತಿರಲಿಲ್ಲ. ಮಾತ್ರೆ ಬೇಡ ಅಂತ ನಾನು ಹೇಳ್ತಿಲ್ಲ. ಇಷ್ಟೂ ಗೊತ್ತಿರಬೇಕು ಅಂತ ಅಷ್ಟೇ.

ನೇರನುಡಿ

ಈ ಉದಾಹರಣೆ ಒಪ್ಪುತ್ತೇನೆ. ಏರ್ವಾಡಿ ಮಾತು ವಾಪಸ್ ತಗೊಳ್ಳಲ್ಲ.

ನಿವೃತ್ತ ಮೇಷ್ಟ್ರು

ತಗೋಬೇಡಿ. ಎರಡೂ ಇರಲಿ. ಹಾಗೇ ಇದನ್ನೂ ಸೇರಿಸಿಕೊಳ್ಳಿ: ನಿಮ್ಹಾನ್ಸ್‌ನ ಡಾಕ್ಟರುಗಳೇ ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ಅಳೆದು ನೋಡಿದರು, 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸುಮಾರು ಆರು ವಾರ ಇದ್ದವರಲ್ಲಿ ಲಕ್ಷಣಗಳ ಅಂಕ ಹತ್ತಿರ ಹತ್ತಿರ ಶೇ 20 ಇಳಿದಿತ್ತು. ಅಲ್ಲಿ ಹೊಡೆತ ಬಡಿತ ಇಲ್ಲ, ಸರಪಳಿ ಇಲ್ಲ, ದೊಡ್ಡ ಮಂತ್ರವೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಾರೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಇಷ್ಟೇ. ಗುಡಿಗೆ ಹೋಗದವರ ಜೊತೆ ಹೋಲಿಸಿ ನೋಡಿಲ್ಲ, ಆದ್ದರಿಂದ ಇದನ್ನು ಹಿಡ್ಕೊಂಡು ಮಾತ್ರೆ ಬಿಸಾಡಬೇಡಿ. ಗುಡಿ ಅಂದ ಕೂಡಲೇ ಎಲ್ಲ ಗುಡಿ ಒಂದೇ ಅಂತಲೂ ತಿಳಿಯಬೇಡಿ.

ಒನಕೆ (ಚಿತ್ರದುರ್ಗ)

ಇಷ್ಟು ದಿನ ಸುಮ್ನೆ ಓದ್ತಿದ್ದೆ. ಇವತ್ತು ಬರೆಯೋಣ ಅನ್ನಿಸಿತು. ಹೆಸರು ಕೇಳಬೇಡಿ.

ನನಗೆ ಎರಡನೇ ಬಾಣಂತನ ಆದ ಮೇಲೆ ಶುರುವಾಯಿತು. ನಿದ್ದೆ ಹೋಯಿತು. ಮಗು ನನ್ನದಲ್ಲ, ಬದಲಾಯಿಸಿದ್ದಾರೆ ಅನ್ನಿಸುತ್ತಿತ್ತು. ಅತ್ತೆ ಒಂದು ಕಡೆ ಕರೆದುಕೊಂಡು ಹೋದರು, ಊರು ಬೇಡ. ಬೇವಿನ ಸೊಪ್ಪು, ನಿಂಬೆಹಣ್ಣು, "ಯಾರು ನೀನು ಹೇಳು" ಅಂತ ಕೇಳುವುದು. ನಾನು ಹೇಳಿದೆ. ಯಾರ ಹೆಸರು ಹೇಳಿದೆ ಗೊತ್ತಾ? ನನ್ನ ಸತ್ತ ತಂಗಿ ಹೆಸರು. ಅವಳ ದನಿಯಲ್ಲಿ ಅತ್ತೆಗೂ ಗಂಡನಿಗೂ ಬಾಯಿಗೆ ಬಂದ ಹಾಗೆ ಬೈದೆ. ನಾಲ್ಕು ವರ್ಷ ನುಂಗಿಕೊಂಡದ್ದೆಲ್ಲ ಆಚೆ ಬಂತು. ಅವತ್ತು ಅತ್ತೆ ಕೈ ಮುಗಿದರು. ನಿಜ ಹೇಳ್ತೀನಿ, ಆ ಒಂದು ಗಂಟೆ ನನಗೆ ಹಗುರ ಆಯಿತು. ಆದರೆ ನಿದ್ದೆ ಬರಲಿಲ್ಲ. ನಿದ್ದೆ ಬಂದದ್ದು ಹದಿನೈದು ದಿನ ಆದ ಮೇಲೆ, ಆಸ್ಪತ್ರೆಯಲ್ಲಿ.

ಅದನ್ನು ಯಾರೋ ಮೊಬೈಲಲ್ಲಿ ತೆಗೆದಿದ್ದರು. ಎರಡು ವರ್ಷ ಬಿಟ್ಟು ನನ್ನ ದೊಡ್ಡ ಮಗನ ಸ್ಕೂಲ್ ವಾಟ್ಸಾಪ್ ಗ್ರೂಪಿಗೆ ಬಂತು. ನನ್ನ ಮುಖ ನೋಡಿ ಮಗ ಕೇಳಿದ, "ಅಮ್ಮಾ ಇದು ನೀನಾ?" ನಾನು ಅಲ್ಲ ಅಂದೆ.

ಆ ವಿಡಿಯೊ ಸುಳ್ಳಲ್ಲ. ನಾನು ಬೈದದ್ದು ನಿಜ, ಕೂದಲು ಬಿಚ್ಚಿದ್ದು ನಿಜ. ಆದರೆ ಅದರಲ್ಲಿ ನನ್ನ ತಂಗಿ ಇಲ್ಲ, ಮಗು ಇಲ್ಲ, ನಾಲ್ಕು ವರ್ಷ ಇಲ್ಲ. ಯಾರಾದರೂ ಬಂದು "ಅಕ್ಕಾ, ಅವತ್ತು ಏನಾಯಿತು, ನೀನೇ ಹೇಳು" ಅಂತ ಕೂತಿದ್ದರೆ ನಾನು ಹೇಳುತ್ತಿದ್ದೆನೇನೋ. ಯಾರೂ ಬರಲಿಲ್ಲ. ಇಲ್ಲೇ ಮೊದಲು ಹೇಳ್ತಿರೋದು.

ತಾಲ್ಲೂಕು ಸಿಸ್ಟರ್

ಅಕ್ಕಾ, ಓದಿದೆ. ಎರಡು ಸಲ ಓದಿದೆ. ಬಾಣಂತನದ ಮೇಲೆ ಹೀಗಾಗುವುದು ಕಾಯಿಲೆ, ಬೇಗ ಬಂದರೆ ಚೆನ್ನಾಗಿ ವಾಸಿಯಾಗುತ್ತದೆ, ನಿಮ್ಮ ತಪ್ಪು ಒಂದು ಚೂರೂ ಇಲ್ಲ. ಓದುತ್ತಿರುವ ಬೇರೆಯವರಿಗೂ: ಮಗುವಾದ ಮೇಲೆ ನಿದ್ದೆ ಪೂರ್ತಿ ಹೋಗಿ ಹೀಗೆಲ್ಲ ಅನ್ನಿಸಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ. ಯಾರ ಹತ್ತಿರಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ನಂಬರು 14416, ಯಾವ ಹೊತ್ತಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಂಡಕ್ಕಿ ಭಟ್ಟಿ

ತಂಗಿ, ನಾನು ಮೇಲೆ ಬರೆದ ಆ ಎಂಟು ಮೊಬೈಲಲ್ಲಿ ಒಂದು ನಂದೇ ಆಗಿತ್ತು. ಬೇರೆ ಜಾತ್ರೆ, ಬೇರೆ ಹೆಣ್ಣುಮಗಳು. ಆದರೂ. ಈಗ ಅಳಿಸಿದೆ.

ನಿವೃತ್ತ ಮೇಷ್ಟ್ರು

ಈ ತಾಯಿ ಹೇಳಿದ ಮೇಲೆ ನನ್ನ ಮಾತಿಗೆ ತೂಕ ಇಲ್ಲ, ಆದರೂ ಹುಡುಗನಿಗೆ ಉಪಯೋಗ ಆಗಲಿ ಅಂತ.

ಮತ್ತೆ ಬಾಲಿಗೇ ಹೋಗುತ್ತೇನೆ. 1978ರಲ್ಲಿ ಲಿಂಡಾ ಕಾನರ್ ಅನ್ನುವ ಮಾನವಶಾಸ್ತ್ರಜ್ಞೆ ಮತ್ತು ಸಾಕ್ಷ್ಯಚಿತ್ರ ತೆಗೆಯುವ ಆಶ್ ದಂಪತಿ ಅಲ್ಲಿನ ಒಬ್ಬ ಹೆಂಗಸನ್ನು ಚಿತ್ರೀಕರಿಸಿದರು. ಅವಳು ನಮ್ಮ ಕಡೆ ಹೇಳಿಕೆ ಹೇಳುವವರ ಹಾಗೆ, ಸತ್ತವರು ಅವಳ ಮೈಮೇಲೆ ಬಂದು ಮಾತಾಡುತ್ತಾರೆ. ವಿಶೇಷ ಅದಲ್ಲ. 1980ರಲ್ಲಿ ವಾಪಸ್ ಹೋಗಿ ಆ ಚಿತ್ರವನ್ನು ಅವಳಿಗೇ ತೋರಿಸಿದರು. ಅವಳು ನೋಡ್ತಾ, ನಗ್ತಾ, ಮೈಮೇಲೆ ಬಂದಾಗ ತನಗೆ ಹೇಗಾಗುತ್ತದೆ ಅಂತ ಹೇಳ್ತಾ ಹೋದಳು. ಅದನ್ನೂ ಚಿತ್ರೀಕರಿಸಿದರು, ಅದೇ ಎರಡನೇ ಚಿತ್ರ. ನನ್ನ ಪ್ರಕಾರ ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡದು.

ಇದಕ್ಕೆ ವಿರುದ್ಧದ ಉದಾಹರಣೆ ಅಮೆರಿಕದ್ದು. ಫ್ರೆಡೆರಿಕ್ ವೈಸ್‌ಮನ್ 1966ರಲ್ಲಿ ಮ್ಯಾಸಚೂಸೆಟ್ಸಿನ ಒಂದು ಸರ್ಕಾರಿ ಹುಚ್ಚಾಸ್ಪತ್ರೆ, ಅಂದ್ರೆ ಅಪರಾಧ ಮಾಡಿದ ಮನೋರೋಗಿಗಳನ್ನು ಇಡುವ ಜಾಗ, ಅದರ ಒಳಗೆ ತೆಗೆದ ಚಿತ್ರ. ಬೆತ್ತಲೆ ಮಾಡಿ ಕೂಡಿಹಾಕುವುದು, ಕಾವಲಿನವರು ಗೇಲಿ ಮಾಡುವುದು, ಎಲ್ಲ ಇದೆ. ರೋಗಿಗಳ ಖಾಸಗಿತನ ಹೋಯಿತು ಅಂತ ಹೇಳಿ ಕೋರ್ಟು ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಹಾಕಿತು. 1991ರವರೆಗೆ ಆ ತಡೆ ಇತ್ತು. ಸರ್ಕಾರ ಕಾಪಾಡಿದ್ದು ರೋಗಿಗಳ ಮಾನವನ್ನೋ ತನ್ನ ಮಾನವನ್ನೋ, ಇವತ್ತಿಗೂ ವಾದ ಇದೆ. ನನಗೂ ತೀರ್ಮಾನ ಆಗಿಲ್ಲ. ಎರಡೂ ಇರಬಹುದು.

ಅಡಿಕೆ ಸೀಮೆ

ಎಲ್ಲರಿಗೂ. ತಡವಾಗಿ ಬರೆಯುತ್ತಿದ್ದೇನೆ, ಊರಿಗೆ ಹೋಗಿದ್ದೆ.

ಒನಕೆ ಅಕ್ಕ, ನಿಮ್ಮ ಮಾತು ಓದಿದ ಮೇಲೆ ಅಮಾವಾಸ್ಯೆ ಶೂಟಿಂಗ್ ಬಿಟ್ಟೆ. ಗೈಡ್ ಸ್ವಲ್ಪ ಗೊಣಗಿದರು, ಆ ದೃಶ್ಯ ಇಲ್ಲದಿದ್ದರೆ ಯಾರು ನೋಡ್ತಾರಪ್ಪ ಅಂತ.

ಚಿಕ್ಕಪ್ಪನನ್ನೇ ಕೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಈ ವಿಷಯ ಅವರ ಹತ್ತಿರ ನೇರ ಮಾತಾಡಿದ್ದು ನಾನೇ ಮೊದಲು ಅನ್ನಿಸುತ್ತದೆ, ನಾಚಿಕೆ ಆಯಿತು. ಅಂಗಳದಲ್ಲಿ ಅಡಿಕೆ ಸುಲೀತಾ ಕೂತಿದ್ದರು. ನಮ್ಮಲ್ಲಿ ಈಗ ಮಿಷನ್ ಇದೆ, ಆದರೂ ಒಂದಷ್ಟು ಅವರು ಮೆಟ್ಟುಗತ್ತಿಯಲ್ಲೇ ಸುಲಿಯುತ್ತಾರೆ. ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತದೆ, ಆದರೆ ಕತ್ತಿ ಮುಂದೆ ಕೂತರೆ ನಡುಗುವುದಿಲ್ಲ. "ಚಿಕ್ಕಪ್ಪ, ನಿಮ್ಮ ಬಗ್ಗೆ ಸಿನಿಮಾ ಮಾಡಲಾ?" ಅಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, "ಹುಷಾರಿಲ್ಲದ್ದು ಅಷ್ಟೇ ತೆಗೀತೀಯೋ, ಇದನ್ನೂ ತೆಗೀತೀಯೋ?"

ಇದನ್ನೂ ತೆಗೀತೀನಿ ಅಂದೆ.

"ಹಂಗಾದ್ರೆ ಮೊದಲು ಇದು ತೆಗಿ. ಅದು ಆಮೇಲೆ ನೋಡೋಣ."

ಅವತ್ತು ನಲವತ್ತು ನಿಮಿಷ ಅಡಿಕೆ ಸುಲಿಯುವುದೇ ತೆಗೆದೆ. ಸಂಜೆ ಫೋನಲ್ಲಿ ತೋರಿಸಿದೆ. ಮೇಷ್ಟ್ರು ಹೇಳಿದ್ದು ತಲೆಯಲ್ಲಿತ್ತು. ಪೂರ್ತಿ ನೋಡಿದರು. ಒಂದು ಕಡೆ ನಿಲ್ಲಿಸು ಅಂದರು. ಅಲ್ಲಿ ಅವರು ತಲೆ ಎತ್ತಿ ತೋಟದ ಕಡೆ ನೋಡಿ ತುಟಿ ಅಲ್ಲಾಡಿಸುತ್ತಾರೆ, ತೆಗೆಯುವಾಗ ನಾನು ಗಮನಿಸಿರಲೇ ಇಲ್ಲ. "ಈಗಲೂ ಕರೀತಾರೆ. ನಾನು ಕೆಲಸ ಇದೆ ಅಂತೀನಿ" ಅಂದರು.

ಅಜ್ಜಿ ಒಳಗಿಂದ ಕೇಳಿಸಿಕೊಂಡು ಏನೂ ಅನ್ನದೆ ಕಾಫಿ ತಂದಿಟ್ಟರು.

ಒನಕೆ

ಆ ತುಟಿ ಅಲ್ಲಾಡಿಸುವುದನ್ನು ಇಟ್ಕೊಳ್ತೀಯೋ ಕತ್ತರಿಸಿ ಬಿಡ್ತೀಯೋ ಅವರನ್ನೇ ಕೇಳು ತಮ್ಮಾ.

ಅಡಿಕೆ ಸೀಮೆ

ಕೇಳಿದೆ ಅಕ್ಕ. ಅಡಿಕೆ ಸುಗ್ಗಿ ಮುಗಿಯಲಿ, ಹೇಳ್ತೀನಿ ಅಂದಿದ್ದಾರೆ. ಪ್ರಾಜೆಕ್ಟ್ ಕೊಡಬೇಕಾದ್ದು ಅದಕ್ಕಿಂತ ಮೊದಲು.

ಬಸ್ ಸ್ಟ್ಯಾಂಡ್ ಬಾಬು

ತಡ ಆದ್ರೆ ಆಗಲಿ ಬ್ರದರ್. ಬಸ್ ವಿಷಯ ಇನ್ನೂ ಯಾರೂ ಹೇಳಲಿಲ್ಲ.